‘ಸೀನ್ ಸಂಖ್ಯೆ’ಗಳ ಎರಡನೆಯ ಕರಡು ಯಾರದು?

ಗಣಿತದ ತರಗತಿಯಲ್ಲಿ ಅರೆಬೆಂದ ಯೋಚನೆಗೂ ಜಾಗ ಬೇಕೆಂಬುದರಲ್ಲಿ ಈಗ ಹೆಚ್ಚಿನ ಭಿನ್ನಮತವಿಲ್ಲ. ತಡವರಿಸುತ್ತ ಆಡುವ ಮಾತೂ ಕಲಿಕೆಯೇ ಎಂದು ಡಗ್ಲಸ್ ಬಾರ್ನ್ಸ್ 1976ರಲ್ಲೇ ವಾದಿಸಿದ್ದರು. ಅಮಾಂಡಾ ಜಾನ್ಸೆನ್ 2020ರ ತಮ್ಮ ಪುಸ್ತಕದಲ್ಲಿ ಇಂಥ ಯೋಚನೆಯನ್ನು ‘ಕರಡು’ ಎಂದು ಕರೆದರು. ನನ್ನ ತಕರಾರು ಈ ರೂಪಕದ ಒಂದು ಮಗ್ಗುಲಿನ ಬಗ್ಗೆ. ಕರಡು ಎಂದೊಡನೆ, ಬರೆದವರೇ ಅದನ್ನು ತಿದ್ದುತ್ತಾರೆಂದು ನಾವು ಎಣಿಸಿಬಿಡುತ್ತೇವೆ. ಜಾನ್ಸೆನ್ ಸಹಪಾಠಿಗಳ ಪಾತ್ರವನ್ನು ಅಲ್ಲಗಳೆದಿಲ್ಲ, ನಿಜ. ಆದರೆ ಒತ್ತು ಮಾತ್ರ ಕರಡಿನ ಒಡೆಯನ ಮೇಲೇ ಬೀಳುತ್ತದೆ.

ಡೆಬೊರಾ ಬಾಲ್ 1993ರ ಲೇಖನದಲ್ಲಿ ದಾಖಲಿಸಿದ, ಅಮೆರಿಕದ ಮಿಷಿಗನ್‌ನಲ್ಲಿ ತಾವೇ ಪಾಠ ಮಾಡುತ್ತಿದ್ದ ಮೂರನೆಯ ತರಗತಿಯ ಪ್ರಸಂಗವನ್ನು ನೋಡಿ. 6 ಸಮಸಂಖ್ಯೆಯೂ ಹೌದು, ಬೆಸಸಂಖ್ಯೆಯೂ ಹೌದು ಎಂದು ಸೀನ್ ಎಂಬ ಹುಡುಗ ಹೇಳಿದ. ಅದರಲ್ಲಿ ಮೂರು ಎರಡುಗಳಿವೆ, ಮೂರು ಬೆಸ ಎಂಬುದು ಅವನ ಕಾರಣ. ಹಾಗಾದರೆ ಐದು ಎರಡುಗಳಿರುವ 10ಕ್ಕೂ ಇದೇ ಗತಿಯಲ್ಲವೇ ಎಂದು ಮೇ ಎಂಬ ಹುಡುಗಿ ಆಕ್ಷೇಪಿಸಿದಳು. ಸೀನ್ ಹಿಂಜರಿಯಲಿಲ್ಲ. ತಾನು ಹಾಗೆ ಯೋಚಿಸಿರಲಿಲ್ಲವೆಂದು ಅವಳಿಗೆ ಥ್ಯಾಂಕ್ಸ್ ಹೇಳಿ, 10ನ್ನೂ ಸೇರಿಸಿಕೊಂಡ! ಮುಂದೆ 2, 6, 10, 14ರ ಈ ಸಾಲಿಗೆ ಬಾಲ್ ‘ಸೀನ್ ಸಂಖ್ಯೆಗಳು’ ಎಂದು ಹೆಸರಿಟ್ಟರು.

ಹೆಸರು ಸೀನ್‌ನದಾದರೂ ಎರಡನೆಯ ಕರಡು ಮೇಯದು ಎಂಬುದು ನನ್ನ ವಾದ. ಸೀನ್ ಹೇಳಿದ್ದು ಒಂದೇ ಸಂಖ್ಯೆಯ ಸಂಗತಿ. ಅದು ಒಂದು ಗುಂಪಿನ ಲಕ್ಷಣವಾದದ್ದು 10 ಬಂದ ಮೇಲೆ. ಅವನ ಕಾರಣದಲ್ಲೇ ಸಾಮಾನ್ಯೀಕರಣ ಅಡಗಿತ್ತು, ಮೇ ಅದನ್ನು ಹೊರಗೆಳೆದಳಷ್ಟೇ ಎನ್ನಬಹುದು. ಈ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕಲಾರೆ, ಏಕೆಂದರೆ ದಾಖಲೆಯಲ್ಲಿರುವುದು ಮಕ್ಕಳ ಮಾತು, ಮನಸ್ಸಲ್ಲ. ಮೇಯ ಉದ್ದೇಶವೂ ತಿದ್ದುವುದಲ್ಲ, ಖಂಡಿಸುವುದು. ಆದರೂ ಸೀನ್‌ನ ಉತ್ತರವೇ ನನ್ನ ಪರವಾಗಿ ಸಾಕ್ಷಿ ನುಡಿಯುತ್ತದೆ. ಗಣಿತದ ತತ್ತ್ವಜ್ಞಾನಿ ಲಕಟೋಸ್ ಕಲ್ಪಿಸಿದ ತರಗತಿಯಲ್ಲಿ ಪ್ರತ್ಯುದಾಹರಣೆ ಬಂದಾಗ ಪ್ರಮೇಯವನ್ನು ಕಿರಿದಾಗಿಸಿ ಉಳಿಸಿಕೊಳ್ಳುವವರಿದ್ದಾರೆ. ಇಲ್ಲಿ ಮಾತು ಹಿಗ್ಗಿ ಉಳಿಯಿತು.

ರೂಢಿಗೆ ಹೊರತಾದ ಯೋಚನೆಗೂ ಹೆಸರಿಡುವ ಇಂಥ ಸಡಿಲಿಕೆಯಿಂದ ಮಕ್ಕಳಿಗೆ ಗೊಂದಲವಾಗುತ್ತದೆಂಬ ಆತಂಕ ಈ ತರಗತಿಯ ಮಟ್ಟಿಗೆ ನಿಲ್ಲದು. ನಂತರದ ಕಿರುಪರೀಕ್ಷೆಯಲ್ಲಿ 90ನ್ನು, ಅದೂ ಸೀನ್ ಸಂಖ್ಯೆಯೇ, ಸಮಸಂಖ್ಯೆಗಳಿಗೊಂದು, ಬೆಸಸಂಖ್ಯೆಗಳಿಗೊಂದು ಎಂದು ಬರೆದ ವೃತ್ತಗಳು ಕೂಡುವಲ್ಲಿ ಯಾರೂ ಇಡಲಿಲ್ಲವೆಂದು ಬಾಲ್ ವರದಿ ಮಾಡಿದ್ದಾರೆ.

ಒಂದೇ ತರಗತಿಯ ಆಧಾರ ಇದು. ಅಲ್ಲಿ ಪಾಠ ಮಾಡಿದವರೂ ಸಂಶೋಧಿಸಿದವರೂ ಒಬ್ಬರೇ. ಆಕ್ಷೇಪಿಸಿದವರು ಕರಡಿಗೆ ಕೊಟ್ಟದ್ದನ್ನು ಶಿಕ್ಷಕರು ಪಾಠದ ನಡುವೆಯೇ ಗುರುತಿಸಬಲ್ಲರೇ, ಅಥವಾ ಅದು ಮಾತುಕತೆಯ ಬರಹರೂಪ ಓದುವವರಿಗೆ ಮಾತ್ರ ಕಾಣುವಂಥದ್ದೇ ಎಂಬುದನ್ನು ಬೇರೆ ತರಗತಿಗಳ ದಾಖಲೆಗಳಲ್ಲಿ ಪರೀಕ್ಷಿಸಬೇಕಿದೆ.