ಗಾಯದ ಪಟ್ಟಿಯ ಕಥೆ, ಭಾಗ 3: ಕೀವು ನಿಂತಿತು, ನೋವು?

1865ರ ಆಗಸ್ಟ್ 12. ಸ್ಕಾಟ್ಲೆಂಡಿನ ಗ್ಲಾಸ್ಗೋ ಆಸ್ಪತ್ರೆಗೆ 11 ವರ್ಷದ ಜೇಮ್ಸ್ ಗ್ರೀನ್‌ಲೀಸ್ ಅನ್ನೋ ಹುಡುಗನನ್ನು ತಂದರು. ಗಾಡಿ ಚಕ್ರ ಎಡಗಾಲ ಮೇಲೆ ಹರಿದು ಮೂಳೆ ಮುರಿದಿತ್ತು, ಚರ್ಮವೂ ಸೀಳಿತ್ತು. ಆ ಕಾಲದಲ್ಲಿ ಇಂಥ ಗಾಯ ಅಂದ್ರೆ ಎಷ್ಟೋ ಸಲ ಕೀವು ತುಂಬಿ ಕಾಲು ಕತ್ತರಿಸೋದು, ಇಲ್ಲಾಂದ್ರೆ ಸಾವು.

ಸರ್ಜನ್ ಜೋಸೆಫ್ ಲಿಸ್ಟರ್ ಪಾಶ್ಚರ್‌ನ ಬರಹ ಓದಿದ್ದ. ಗಾಯ ಕೊಳೆಯೋದಕ್ಕೆ ಸೂಕ್ಷ್ಮಜೀವಿಗಳೇ ಕಾರಣ ಅಂತ ನಂಬಿದ್ದ. ಕಾರ್ಲೈಲ್ ಊರಲ್ಲಿ ಚರಂಡಿ ನೀರಿನ ನಾತ ಹೋಗಲಿ ಅಂತ ಕಾರ್ಬಾಲಿಕ್ ಆಮ್ಲ ಹಾಕ್ತಿದ್ದ ಸುದ್ದಿಯೂ ಅವನ ಕಿವಿಗೆ ಬಿದ್ದಿತ್ತು. ಅದರಲ್ಲೇ ಬಟ್ಟೆ ನೆನೆಸಿ ಹುಡುಗನ ಗಾಯಕ್ಕೆ ಕಟ್ಟಿದ. (ಹೌದು, ಚರಂಡಿಗೆ ಹಾಕೋ ಔಷಧಿ!)

ನಾಲ್ಕು ದಿನ ಆದ್ಮೇಲೆ ಹುಡುಗ ನೋವು ಅಂದ. ಪಟ್ಟಿ ಬಿಚ್ಚಿ ನೋಡಿದ್ರೆ ಕೀವೇ ಇಲ್ಲ! ನೋಯಿಸ್ತಿದ್ದದ್ದು ಆಮ್ಲಕ್ಕೆ ಕೆರಳಿದ ಚರ್ಮ. ಲಿಸ್ಟರ್ ಆಮ್ಲವನ್ನು ಮೊದಲು ನೀರಲ್ಲಿ, ಆಮೇಲೆ ಆಲಿವ್ ಎಣ್ಣೆಯಲ್ಲಿ ತೆಳು ಮಾಡಿದ. ಸುಮಾರು ಆರು ವಾರಕ್ಕೆ ಮೂಳೆ ಕೂಡಿತು, ಕಾಲು ಉಳಿಯಿತು. 1867ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು.

ಎಲ್ಲರೂ ಹೇಳೋದು ಕೀವನ್ನು ಗೆದ್ದ ಕಥೆ. ನನಗೆ ಮುಖ್ಯ ಅನ್ನಿಸೋದು ಆ ನಾಲ್ಕನೇ ದಿನದ ನೋವು. ಕ್ರಿಮಿ ಕೊಲ್ಲೋ ಔಷಧಿಗೆ ನಮ್ಮ ಚರ್ಮ ಯಾವುದು, ಕ್ರಿಮಿ ಯಾವುದು ಅಂತ ಗೊತ್ತಿರಲ್ಲವಲ್ಲ.

ಮುಂದೆ ಪಟ್ಟಿಗಳು ಬದಲಾದವು, ಆದ್ರೆ ಒಣ ಗಾಜ್ ಬಟ್ಟೆ ಗಾಯಕ್ಕೆ ಅಂಟಿಕೊಂಡು ಕೀಳುವಾಗ ಜೀವ ಹೋಗೋದು ತಪ್ಪಲಿಲ್ಲ. 1962ರಲ್ಲಿ ಜಾರ್ಜ್ ವಿಂಟರ್ ಹಂದಿಗಳ ಮೇಲೆ ಪ್ರಯೋಗ ಮಾಡಿ, ಪಾಲಿಥೀನ್ ಹಾಳೆಯಡಿ ತೇವವಾಗಿದ್ದ ಗಾಯಕ್ಕೆ ಹೊಸ ಚರ್ಮ ಬೇಗ ಬರುತ್ತೆ ಅಂತ ತೋರಿಸಿದ. ಗಾಯವನ್ನು ತೇವವಾಗಿಡೋ ಪಟ್ಟಿಗಳಿಗೆ ದಾರಿ ಆಗಿದ್ದು ಇದರಿಂದ. 2000ದ ನಂತರ ಐಬುಪ್ರೊಫೇನ್ ತುಂಬಿದ ಫೋಮ್ ಪಟ್ಟಿ ಬಂತು. ಗಾಯದ ರಸವನ್ನು ಫೋಮ್ ಹೀರಿಕೊಳ್ಳುತ್ತಾ ಹೋದಂಗೆ ಮಾತ್ರೆಯಲ್ಲಿರೋ ಅದೇ ನೋವಿನ ಔಷಧಿ ಸ್ವಲ್ಪ ಸ್ವಲ್ಪವೇ ಗಾಯಕ್ಕಿಳಿಯುತ್ತೆ.

ಆದ್ರೆ ಅದರಲ್ಲಿ ಕ್ರಿಮಿ ಕೊಲ್ಲೋ ಔಷಧಿ ಇಲ್ಲ. ಇಲ್ಲೇ ಇರೋದು ಪೇಚು. ಸೋಂಕು ಶುರುವಾದ್ರೆ ದೇಹ ನಮಗೆ ಹೇಳೋ ಒಂದು ದಾರಿ ನೋವು. ಅದನ್ನು ಮುಚ್ಚಿಬಿಟ್ರೆ ಒಳಗೆ ಕೀವು ಕಟ್ಟಿದ್ದು ತಡವಾಗಿ ಗೊತ್ತಾಗಬಹುದು. ಅದಕ್ಕೇ ಈಗ ಲ್ಯಾಬ್‌ಗಳಲ್ಲಿ ಕೂದಲಿಗಿಂತ ಎಷ್ಟೋ ಸಣ್ಣ ಎಳೆಗಳನ್ನು ನೇಯ್ದು ಎರಡೂ ಔಷಧಿಯನ್ನು ಒಂದೇ ಪಟ್ಟಿಗೆ ಸೇರಿಸೋಕೆ ನೋಡ್ತಿದ್ದಾರೆ: ನೋವಿನದ್ದು ಬೇಗ ಇಳಿಯಬೇಕು, ಕ್ರಿಮಿಯದ್ದು ದಿನಗಟ್ಟಲೆ ನಿಧಾನವಾಗಿ.

ಭಾಗ 4ರಲ್ಲಿ ಸುಟ್ಟಗಾಯ ಮತ್ತು ಬೆಳ್ಳಿ.