ಮನೆಯಂಗಳದಲ್ಲಿ ಹಳೆಯ ಪದ್ಮಿನಿ: ಮೊದಲು ದಾಖಲೆ, ಕೊನೆಗೆ ಬಣ್ಣ

ರಾಜ್ಯದ ಹಳೆಯ ಬಡಾವಣೆಗಳಲ್ಲಿ ಸುತ್ತಾಡಿದರೆ ಕಾಂಪೌಂಡಿನೊಳಗೆ ಟಾರ್ಪಾಲಿನ್ ಹೊದ್ದು ನಿಂತ ಕಾರೊಂದು ಎಲ್ಲಾದರೂ ಕಣ್ಣಿಗೆ ಬಿದ್ದೇ ಬೀಳುತ್ತದೆ. ಅದು ಹೆಚ್ಚಾಗಿ ಅಂಬಾಸಿಡರ್ ಇಲ್ಲವೇ ಪ್ರೀಮಿಯರ್ ಪದ್ಮಿನಿ. ಕೊಂಡ ಯಜಮಾನರು ತೀರಿಕೊಂಡಿರುತ್ತಾರೆ. ಮಕ್ಕಳಿಗೆ ಮಾರಲು ಮನಸ್ಸಿಲ್ಲ, ಓಡಿಸಲು ಧೈರ್ಯವಿಲ್ಲ. ಗುಜರಿಯವನು ಆಗಾಗ ಗೇಟಿನ ಬಳಿ ನಿಂತು ವಿಚಾರಿಸಿ ಹೋಗುತ್ತಾನೆ. ಇಂತಹ ಕಾರನ್ನು ಮನೆಯಲ್ಲಿಯೇ ಮತ್ತೆ ರಸ್ತೆಗಿಳಿಯುವಂತೆ ಮಾಡುವುದು ಸಾಧ್ಯವಿದೆ. ಆದರೆ ಮೂಲೆಯಲ್ಲಿ ಸುಮ್ಮನೆ ನಿಂತ ಕಾರಿಗಿಂತ ಉತ್ಸಾಹದಿಂದ ಪೂರ್ತಿ ಬಿಚ್ಚಿ ಅರ್ಧಕ್ಕೆ ಕೈಬಿಟ್ಟ ಕಾರೇ ಬೇಗ ಗುಜರಿ ಸೇರುತ್ತದೆ. ಕೆಲಸದ ಅನುಕ್ರಮ ತಪ್ಪುವುದೇ ಇದಕ್ಕೆ ಮುಖ್ಯ ಕಾರಣ.

ಇಟಲಿಯ ಫಿಯೆಟ್ 1100ರ ವಿನ್ಯಾಸವನ್ನು ಆಧರಿಸಿದ ಈ ಕಾರನ್ನು ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆ ಮುಂಬಯಿಯ ಕುರ್ಲಾದಲ್ಲಿ ತಯಾರಿಸುತ್ತಿತ್ತು. 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂದು ಬಂದದ್ದು 1972ರಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. ಹೆಸರು ಏನೇ ಆದರೂ ಜನರ ಬಾಯಲ್ಲಿ ಅದು ಕೊನೆಯವರೆಗೂ 'ಫಿಯೆಟ್' ಆಗಿಯೇ ಉಳಿಯಿತು. ಹಣ ಕಟ್ಟಿ ವರ್ಷಗಟ್ಟಲೆ ಸರದಿ ಕಾಯಬೇಕಿದ್ದ ಕಾಲದ ಕಾರು ಇದು. 2000ರ ಆಸುಪಾಸಿನಲ್ಲಿ ಉತ್ಪಾದನೆ ನಿಂತಿತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳ ಪೈಕಿ ಕಟ್ಟಕಡೆಯ ಪದ್ಮಿನಿ 2023ರ ಅಕ್ಟೋಬರ್‌ನಲ್ಲಿ ಸೇವೆಯಿಂದ ನಿವೃತ್ತವಾಯಿತು.

ಮನೆಯ ದುರಸ್ತಿಗೆ ಈ ಕಾರು ಹೇಳಿ ಮಾಡಿಸಿದಂತಿದೆ. 1089 ಸಿಸಿಯ ನಾಲ್ಕು ಸಿಲಿಂಡರುಗಳ ಎಂಜಿನ್, ಕಾರ್ಬುರೇಟರ್, ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್, ಸ್ಟೇರಿಂಗ್ ಪಕ್ಕದಲ್ಲಿ ಗೇರ್ ಹಿಡಿ. ಕಂಪ್ಯೂಟರ್ ಎಂಬುದು ಎಲ್ಲಿಯೂ ಇಲ್ಲ. ಸ್ಪಾನರ್ ಸೆಟ್ ಮತ್ತು ತಾಳ್ಮೆ ಇದ್ದವರು ಬಹುಪಾಲು ಭಾಗಗಳನ್ನು ತಾವೇ ಬಿಚ್ಚಿ ಜೋಡಿಸಬಹುದು.

ದಾಖಲೆಯೇ ಮೊದಲ ಕೆಲಸ

ಸ್ಪಾನರ್ ಹಿಡಿಯುವ ಮುನ್ನ ನೋಂದಣಿ ಪುಸ್ತಕವನ್ನು ತೆಗೆದು ನೋಡಬೇಕು. ಅದರಲ್ಲಿರುವ ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳು ಕಾರಿನ ಮೇಲೆ ಅಚ್ಚಾಗಿರುವ ಸಂಖ್ಯೆಗಳೊಂದಿಗೆ ತಾಳೆಯಾಗುತ್ತವೆಯೇ ಎಂಬುದನ್ನು ಪರಿಶೀಲಿಸಿ ಛಾಯಾಚಿತ್ರ ತೆಗೆದಿಡುವುದು ಅಗತ್ಯ. ವೆಲ್ಡಿಂಗ್ ಅಥವಾ ಗ್ರೈಂಡಿಂಗ್ ವೇಳೆ ಈ ಅಚ್ಚು ಅಳಿದುಹೋದರೆ ಎಷ್ಟೇ ಅಂದವಾಗಿ ಸಿದ್ಧವಾದ ಕಾರೂ ಸಾರಿಗೆ ಕಚೇರಿಯ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ. ಮಾಲೀಕರು ಮೃತಪಟ್ಟಿದ್ದಲ್ಲಿ ವಾರಸುದಾರರು ನಮೂನೆ 31ರಲ್ಲಿ ಹೆಸರು ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕು. ಹತ್ತಾರು ವರ್ಷ ಈ ಕೆಲಸವನ್ನು ಮುಂದೂಡಿ, ಸಹಿ ಮಾಡಬೇಕಾದ ಸೋದರರು ಒಬ್ಬೊಬ್ಬರು ಒಂದೊಂದು ಊರಿನಲ್ಲಿರುವ ಸ್ಥಿತಿ ಬಂದಾಗ ಸಾವಿರಾರು ರೂಪಾಯಿಯ ಬಿಡಿಭಾಗಗಳಿಗಿಂತ ಒಂದು ಸಹಿಯೇ ದುಬಾರಿಯಾಗುತ್ತದೆ.

ಖಾಸಗಿ ಕಾರಿನ ನೋಂದಣಿಯ ಅವಧಿ 15 ವರ್ಷ. ಆ ಬಳಿಕ ನಮೂನೆ 25ರ ಮೂಲಕ ಐದೈದು ವರ್ಷಕ್ಕೆ ನವೀಕರಿಸಬೇಕು, ಪ್ರತಿ ಬಾರಿಯೂ ವಾಹನವನ್ನು ತಪಾಸಣೆಗೆ ಒಡ್ಡಬೇಕು. 2022ರ ಏಪ್ರಿಲ್‌ನಿಂದ ಈ ಶುಲ್ಕ ಕಡಿದಾಗಿ ಏರಿರುವುದರಿಂದ ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ಸ್ವರೂಪ ಉಳಿಸಿಕೊಂಡ ಕಾರುಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮ ತಂದಿದೆ. ಇಂತಹ ವಾಹನಗಳ ಸಂಖ್ಯಾಫಲಕದಲ್ಲಿ ರಾಜ್ಯದ ಅಕ್ಷರಗಳ ಬಳಿಕ 'ವಿಎ' ಎಂದಿರುತ್ತದೆ. ಹೊಸ ನೋಂದಣಿಗೆ 20,000 ರೂ., ಮರುನೋಂದಣಿಗೆ 5,000 ರೂ. ಶುಲ್ಕ, ಅವಧಿ 10 ವರ್ಷ. ಆದರೆ ಈ ಫಲಕ ಹೊತ್ತ ಕಾರನ್ನು ಪ್ರದರ್ಶನ, ರ್‍ಯಾಲಿ, ಇಂಧನ ತುಂಬಿಸುವಿಕೆ, ದುರಸ್ತಿ ಮುಂತಾದವುಗಳಿಗಷ್ಟೇ ರಸ್ತೆಗೆ ತರಬಹುದು. ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಭಾನುವಾರ ಬೆಳಿಗ್ಗೆ ಮಕ್ಕಳನ್ನು ಕೂರಿಸಿಕೊಂಡು ತಿಂಡಿಗೆ ಹೋಗಬೇಕೆಂಬ ಆಸೆಯಿದ್ದವರಿಗೆ ಸಾಮಾನ್ಯ ನವೀಕರಣವೇ ಲೇಸು. ಅಷ್ಟಕ್ಕೂ 1980ರ ದಶಕದ ಪದ್ಮಿನಿಗಳಿಗೆ ಇನ್ನೂ ಐವತ್ತು ತುಂಬಿಲ್ಲ.

ಕಾರನ್ನು ತಿನ್ನುವ ತುಕ್ಕು

ಜೀಪ್ ಅಥವಾ ಸ್ಟ್ಯಾಂಡರ್ಡ್ ಹೆರಾಲ್ಡ್‌ನಲ್ಲಿ ಪ್ರತ್ಯೇಕ ಚಾಸಿಸ್ ಚೌಕಟ್ಟಿದ್ದು, ಅದರ ಮೇಲೆ ಬಾಡಿಯನ್ನು ಕೂರಿಸಲಾಗಿರುತ್ತದೆ. ಪದ್ಮಿನಿಯಲ್ಲಿ ಹಾಗಿಲ್ಲ. ಇಲ್ಲಿ ಬಾಡಿಯ ತಗಡೇ ಭಾರವನ್ನೆಲ್ಲ ಹೊರುತ್ತದೆ. ಆದ್ದರಿಂದ ನೆಲದ ತಗಡು ತೂತಾಗುವುದೆಂದರೆ ಮನೆಯ ತೊಲೆಗೆ ಗೆದ್ದಲು ಹಿಡಿದಂತೆ. ಎಂಜಿನ್ ಕೆಟ್ಟರೆ ಕಾರು ನಿಲ್ಲುತ್ತದೆ, ಅಷ್ಟೆ. ಬಾಡಿ ಕೊಳೆತರೆ ಕಾರೇ ಉಳಿಯುವುದಿಲ್ಲ.

ಪರೀಕ್ಷೆ ಸರಳ. ಕಾರ್ಪೆಟ್ ಮತ್ತು ರಬ್ಬರ್ ಮ್ಯಾಟ್‌ಗಳನ್ನೆಲ್ಲ ಎತ್ತಿ ಸ್ಕ್ರೂಡ್ರೈವರ್‌ನ ತುದಿಯಿಂದ ನೆಲವನ್ನು ಒತ್ತುತ್ತ ಹೋಗಬೇಕು. ಪೆಡಲ್‌ಗಳ ಕೆಳಗೆ, ಬಾಗಿಲುಗಳ ಕೆಳಗಿನ ಪಟ್ಟಿ, ಜಾಕ್ ಕೊಡುವ ಜಾಗ, ಚಕ್ರದ ಕಮಾನಿನ ಒಳಬದಿ, ಬ್ಯಾಟರಿ ಕೂರುವ ತಟ್ಟೆ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಳಿ, ಮುಂಗಾಜಿನ ರಬ್ಬರ್ ಅಡಿಯ ಅಂಚು ಇವು ನೀರು ನಿಲ್ಲುವ ಸ್ಥಳಗಳು. ಬಾಗಿಲುಗಳ ತಳದಲ್ಲಿ ನೀರು ಹೊರಹೋಗಲೆಂದು ಇರುವ ರಂಧ್ರಗಳು ಮಣ್ಣಿನಿಂದ ಮುಚ್ಚಿ, ಬಾಗಿಲು ಒಳಗಿನಿಂದಲೇ ಕೊಳೆಯುತ್ತದೆ. ಮಂಗಳೂರು, ಉಡುಪಿ, ಕಾರವಾರಗಳಲ್ಲಿ ಇದ್ದ ಕಾರಾದರೆ ಉಪ್ಪುಗಾಳಿಯ ಪ್ರಭಾವ ಇನ್ನೂ ಹೆಚ್ಚು. ಹಳೆಯ ಟಿಂಕರಿಂಗ್‌ನಲ್ಲಿ ತೂತುಗಳ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿರುವುದು ಸಾಮಾನ್ಯ. ಪುಟ್ಟ ಆಯಸ್ಕಾಂತವೊಂದನ್ನು ಬಾಡಿಯ ಮೇಲೆ ಸರಿಸಿದರೆ ಪುಟ್ಟಿ ದಪ್ಪವಾಗಿರುವಲ್ಲಿ ಅದು ಅಂಟುವುದಿಲ್ಲ.

ಕೊಳೆತ ತಗಡನ್ನು ಗಟ್ಟಿ ಲೋಹ ಸಿಗುವವರೆಗೂ ಕತ್ತರಿಸಿ ಹೊಸ ತಗಡನ್ನು ಬೆಸೆಯಬೇಕು. ಈ ಕೆಲಸಕ್ಕೆ ನುರಿತ ಟಿಂಕರ್‌ನನ್ನು ಮನೆಗೇ ಕರೆಸುವುದು ಉತ್ತಮ. ಒಂದೇ ಬಾರಿಗೆ ಎರಡೂ ಬದಿಯ ಪಟ್ಟಿಗಳನ್ನು ಕತ್ತರಿಸಿದರೆ ಬಾಡಿ ಬಾಗಿ ಬಾಗಿಲುಗಳು ಮುಚ್ಚದಂತಾಗುತ್ತವೆ. ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಹೋಗಬೇಕು. ಬೆಸುಗೆಗೆ ಮುನ್ನ ಬ್ಯಾಟರಿ ಸಂಪರ್ಕ ತಪ್ಪಿಸಿ ಪೆಟ್ರೋಲ್ ಟ್ಯಾಂಕನ್ನು ಕಾರಿನಿಂದಲೇ ಇಳಿಸಿ ದೂರವಿಡಬೇಕು. ಖಾಲಿ ಟ್ಯಾಂಕಿನೊಳಗಿನ ಆವಿಯೇ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಬರೀ ಜಾಕ್ ನಂಬಿ ಕಾರಿನಡಿ ಯಾರೂ ಮಲಗಕೂಡದು. ಗಟ್ಟಿಯಾದ ಉಕ್ಕಿನ ಸ್ಟ್ಯಾಂಡ್‌ಗಳ ಮೇಲೆ ಭಾರ ಕೂತ ಮೇಲೆಯೇ ಕೆಳಗೆ ಹೋಗಬೇಕು.

ಎಂಜಿನ್, ಬ್ರೇಕ್, ಪೆಟ್ರೋಲ್

ವರ್ಷಗಟ್ಟಲೆ ನಿಂತ ಎಂಜಿನ್‌ಗೆ ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯುವುದು ಎಲ್ಲರೂ ಮಾಡುವ ಮೊದಲ ತಪ್ಪು. ಅಂಟಿಕೊಂಡ ಪಿಸ್ಟನ್ ರಿಂಗ್ ಅಲ್ಲಿಯೇ ಮುರಿಯಬಹುದು. ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು ಪ್ರತಿ ಸಿಲಿಂಡರಿಗೂ ಸ್ವಲ್ಪ ಆಯಿಲ್ ಬಿಟ್ಟು, ಒಂದೆರಡು ದಿನ ಕಳೆದ ಬಳಿಕ ಎಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ನೋಡಬೇಕು. ಸರಾಗವಾಗಿ ತಿರುಗಿದರೆ ಆಯಿಲ್ ಬದಲಿಸಿ ಕಂಪ್ರೆಷನ್ ಅಳೆಯಬೇಕು. ಒಂದು ಸಿಲಿಂಡರಿನಲ್ಲಿ ಅಳತೆ ಕಡಿಮೆಯಿದ್ದು, ಆಯಿಲ್ ಹಾಕಿದಾಗ ಏರಿದರೆ ದೋಷ ರಿಂಗ್‌ನಲ್ಲಿದೆ; ಏರದಿದ್ದರೆ ವಾಲ್ವ್‌ನಲ್ಲಿದೆ ಎಂದರ್ಥ. ಬೋರಿಂಗ್ ಮತ್ತು ವಾಲ್ವ್ ಕೆಲಸ ಲೇತ್ ಅಂಗಡಿಗೆ ಸೇರಿದ್ದು.

ಬ್ರೇಕ್ ವಿಷಯದಲ್ಲಿ ಜುಗ್ಗತನ ಸಲ್ಲದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಂಡು ಸಿಲಿಂಡರುಗಳನ್ನು ಒಳಗಿನಿಂದ ತುಕ್ಕು ಹಿಡಿಸಿರುತ್ತದೆ. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ರಬ್ಬರ್ ಹೋಸ್ ಎಲ್ಲವನ್ನೂ ಹೊಸದಾಗಿಸಿದ ಬಳಿಕವೇ ಕಾರು ಗೇಟು ದಾಟಬೇಕು. ಹಳೆಯ ಬ್ರೇಕ್ ಲೈನರ್‌ಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿದ್ದು, ಡ್ರಮ್‌ನೊಳಗಿನ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಈ ಕಾರು ತಯಾರಾದ ಕಾಲದಲ್ಲಿ ಇರದಿದ್ದ ಸಮಸ್ಯೆಯೊಂದು ಈಗ ಸೇರಿಕೊಂಡಿದೆ. ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಇದು ನೀರನ್ನು ಸೆಳೆಯುತ್ತದೆ, ಹಳೆಯ ರಬ್ಬರ್ ಕೊಳವೆ ಮತ್ತು ಪಂಪಿನ ಡಯಾಫ್ರಮ್ ಅನ್ನು ಹಾಳುಗೆಡವುತ್ತದೆ. ಎಥೆನಾಲ್ ತಾಳಬಲ್ಲ ಕೊಳವೆಗಳನ್ನು ಹಾಕಿಸುವುದು, ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಮತ್ತು ಕಾರ್ಬುರೇಟರ್ ಖಾಲಿ ಮಾಡುವುದು ಅನಿವಾರ್ಯ.

ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರಗಳಲ್ಲಿ ಹುಡುಕಾಟ ಆರಂಭಿಸಬಹುದು. ಯಂತ್ರದ ಭಾಗಗಳಿಗಿಂತ ಬಂಪರ್, ಗ್ರಿಲ್, ವೀಲ್ ಕಪ್, ಬಾಗಿಲ ಹಿಡಿ ಮುಂತಾದ ಹೊಳೆಯುವ ವಸ್ತುಗಳನ್ನು ಹೊಂದಿಸುವುದೇ ಕಷ್ಟ. ಆದ್ದರಿಂದ ಬಿಚ್ಚಿದ ಯಾವುದನ್ನೂ, ತುಕ್ಕು ಹಿಡಿದ ಸ್ಕ್ರೂವನ್ನೂ ಸಹ, ಹೊಸದು ಕೈಗೆ ಬರುವವರೆಗೆ ಎಸೆಯಬಾರದು.

ಬಣ್ಣ ಕಟ್ಟಕಡೆಗೆ. ಇಂದಿನ ಎರಡು ದ್ರಾವಣ ಬೆರೆಸುವ ಪಿಯು ಪೇಂಟ್‌ನ ಆವಿ ಶ್ವಾಸಕೋಶಕ್ಕೆ ಹಾನಿಕರವಾದುದರಿಂದ ಅದನ್ನು ಮನೆಯಂಗಳದಲ್ಲಿ ಸಿಂಪಡಿಸದೆ ಪೇಂಟ್ ಬೂತ್ ಇರುವ ಕಾರ್ಯಾಗಾರಕ್ಕೆ ಒಪ್ಪಿಸುವುದು ಕ್ಷೇಮ. ಮೂಲ ಬಣ್ಣ ಯಾವುದೆಂದು ತಿಳಿಯಲು ಡ್ಯಾಶ್‌ಬೋರ್ಡಿನ ಹಿಂಬದಿ ಅಥವಾ ಬಾಗಿಲಿನ ಒಳ ತಗಡನ್ನು ನೋಡಿದರೆ ಸಾಕು. ಬೇರೆ ಬಣ್ಣ ಬಯಸಿದಲ್ಲಿ ನೋಂದಣಿ ದಾಖಲೆಯಲ್ಲಿ ಅದನ್ನು ನಮೂದಿಸಬೇಕು. ಬಳಿಕ ಮೊದಲ ಕೆಲವು ನೂರು ಕಿ.ಮೀ. ಓಟವನ್ನು ಮನೆಯ ಸುತ್ತಮುತ್ತಲೇ ಮುಗಿಸಿ, ಎಂಜಿನ್ ಆಯಿಲ್ ಮತ್ತೊಮ್ಮೆ ಬದಲಿಸಿ, ಬಿಚ್ಚಿ ಜೋಡಿಸಿದ ಬೋಲ್ಟ್‌ಗಳನ್ನೆಲ್ಲ ಇನ್ನೊಮ್ಮೆ ಬಿಗಿ ಮಾಡಿದ ಮೇಲೆ ಹೆದ್ದಾರಿಗೆ ಇಳಿಯಬಹುದು.