ಎರಡನೇ ಕರೆ ಯಾರಿಗೆ?

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಹೋದರೆ ಎರಡು ಅಡ್ಡಹೆಸರು ಕಿವಿಗೆ ಬೀಳುತ್ತವೆ. ಒಂದು ಮಾಲಿಪಾಟೀಲ, ಇನ್ನೊಂದು ಪೊಲೀಸ್ ಪಾಟೀಲ. ಮೊದಲನೆಯದರಲ್ಲಿರೋ ಮಾಲಿಗೂ ಹೂದೋಟಕ್ಕೂ ಸಂಬಂಧ ಇಲ್ಲ. ಅದು ‘ಮಾಲ್’, ಅಂದರೆ ಕಂದಾಯ. ಎರಡನೆಯದರಲ್ಲಿರೋ ಪೊಲೀಸ್ ಮಾತ್ರ ಪೊಲೀಸೇ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಕಂದಾಯ ವಸೂಲಿಗೆ ಮಾಲಿಪಾಟೀಲ, ಲೆಕ್ಕಕ್ಕೆ ಪಟವಾರಿ, ಊರಿನ ಶಾಂತಿ ಕಾಯೋದಕ್ಕೆ ಪೊಲೀಸ್ ಪಾಟೀಲ. ಅಪ್ಪನಿಂದ ಮಗನಿಗೆ ಬರುವ ಹುದ್ದೆಗಳು. ಹುದ್ದೆ ಹೋಗಿ ಅರವತ್ತು ವರ್ಷ ದಾಟಿತು, ಹೆಸರು ಉಳಿದಿದೆ.

112ರ ಬಗ್ಗೆ ಹೇಳೋದು ಬಿಟ್ಟು ಅಡ್ಡಹೆಸರಿನ ಕಥೆ ಯಾಕೆ ಅಂತೀರಾ? ಹಳ್ಳಿಯಲ್ಲಿ ರಾತ್ರಿ ಒಂದು ಗಂಟೆಗೆ ಹೊಡೆದಾಟ ಆದಾಗ ಫೋನ್ ತೆಗೆಯಬೇಕೋ ಬೇಡವೋ ಅಂತ ಒಂದು ಮನೆ ಯೋಚಿಸುತ್ತಲ್ಲ, ಆ ಯೋಚನೆ ಹುಟ್ಟಿದ್ದು ಫೋನ್ ಬಂದ ಮೇಲೆ ಅಲ್ಲ.

ಆ ಕಾಲದಲ್ಲಿ ಕಳ್ಳತನ ಆದರೆ, ಕೊಲೆ ಆದರೆ ಸುದ್ದಿ ಠಾಣೆಗೆ ಮುಟ್ಟಿಸುವ ಹೊಣೆ ಪೊಲೀಸ್ ಪಾಟೀಲನದು. ಅವನು ಹೇಳಿದರೆ ತಳವಾರನೋ ವಾಲೀಕಾರನೋ ನಡಕೊಂಡು ಹೋಗಬೇಕು. ಠಾಣೆಯಲ್ಲಿದ್ದ ಅಧಿಕಾರಿ ಅಮೀನ. ಅಂದರೆ ಈ ಭಾಗದ ಮೊದಲ ಕಂಟ್ರೋಲ್ ರೂಮ್ ಪಾಟೀಲರ ಮನೆಯ ಪಡಸಾಲೆ. ಆ ಪಡಸಾಲೆ ಹತ್ತುವ ಹಕ್ಕು ಎಷ್ಟು ಜನಕ್ಕಿತ್ತು? ಅಸ್ಪೃಶ್ಯರೆನಿಸಿಕೊಂಡವರು ಅಂಗಳದಲ್ಲೇ ನಿಂತು ಹೇಳಬೇಕು. ಹೊಡೆದವನು ಪಾಟೀಲರ ಪೈಕಿಯವನೇ ಆಗಿದ್ದರೆ? ಆಗ ಸುದ್ದಿ ಅಂಗಳ ದಾಟೋದು ಅನುಮಾನ. ಒಳ್ಳೆಯ ಪಾಟೀಲರು ಇರಲಿಲ್ಲ ಅಂತಲ್ಲ, ಇದ್ದರು. ಆದರೆ ಊರಿಗೆಲ್ಲ ಒಂದೇ ಬಾಗಿಲು ಇದ್ದು, ಅದರ ಕೀಲಿ ಒಂದೇ ಮನೆಯಲ್ಲಿದ್ದರೆ, ಆ ಮನೆಯವರ ಒಳ್ಳೆಯತನದ ಮೇಲೆ ಊರಿನ ರಕ್ಷಣೆ ನಿಲ್ಲುತ್ತದೆ.

ಇನ್ನು ಜಾಗೀರುಗಳ ಕಥೆ. ಆಗಿನ ಗುಲ್ಬರ್ಗ ಜಿಲ್ಲೆಯಲ್ಲಿ ಜಾಗೀರು, ಪೈಗಾ ಹಳ್ಳಿಗಳು ಬಹಳ. ಪೈಗಾ ಅಂದರೆ ನಿಜಾಮರ ಮನೆತನದ ಜೊತೆ ಬೀಗತನ ಇದ್ದ ಅಮೀರರ ಆಸ್ತಿ. ಆ ದೊಡ್ಡ ಮನೆತನಗಳಿಗೆ ತಮ್ಮದೇ ಪೊಲೀಸು, ತಮ್ಮದೇ ಕಚೇರಿ. ಫಿರ್ಯಾದಿ ಹಿಡಿದು ಹೋದವನಿಗೆ ಕೇಳುತ್ತಿದ್ದ ಮೊದಲ ಪ್ರಶ್ನೆ ಏನಾಯಿತು ಅಂತಲ್ಲ, “ಯಾರ ಪೈಕಿ ನೀವು?”

1948ಕ್ಕೆ ಬನ್ನಿ. ರಜಾಕಾರರ ಹಾವಳಿ. ಬಸವಕಲ್ಯಾಣದ ಹತ್ತಿರದ ಗೋರ್ಟಾದಲ್ಲಿ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡ ಈ ಭಾಗದವರಿಗೆ ಹೊಸದಾಗಿ ಹೇಳಬೇಕಿಲ್ಲ. ಊರು ಕೂಗಿತು, ಉಳಿಸೋಕೆ ಯಾರೂ ಬರಲಿಲ್ಲ. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಗೆ ಬಂತು, 17ಕ್ಕೆ ನಿಜಾಮರು ಶರಣಾದರು. ಟ್ಯಾಂಕು, ವಿಮಾನ ಬಳಸಿದ ಈ ಸೈನಿಕ ಕಾರ್ಯಾಚರಣೆಗೆ ನಾವು ಇಟ್ಟ ಹೆಸರು ‘ಪೊಲೀಸ್ ಆಕ್ಷನ್’. ಈ ನೆಲದಲ್ಲಿ ಪೊಲೀಸ್ ಅನ್ನೋ ಪದಕ್ಕೆ ಅಷ್ಟು ದೊಡ್ಡ ಗೌರವ ಅದಕ್ಕೆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಕ್ಕಿಲ್ಲ.

ಪ್ರತಿ ವರ್ಷ ಸೆಪ್ಟೆಂಬರ್ 17ಕ್ಕೆ ನಮ್ಮ ಚಾನೆಲ್‌ಗಳು ಇಲ್ಲಿಗೇ ನಿಲ್ಲಿಸುತ್ತವೆ. ನಾನು ನಿಲ್ಲಿಸಲ್ಲ. ಸೈನ್ಯ ಬಂದ ನಂತರದ ವಾರಗಳಲ್ಲಿ ಇದೇ ಹಳ್ಳಿಗಾಡಿನಲ್ಲಿ ಮುಸ್ಲಿಮರ ಮೇಲೆ ಭೀಕರ ಸೇಡು ನಡೆಯಿತು. ಕೇಂದ್ರ ಸರ್ಕಾರವೇ ಪಂಡಿತ್ ಸುಂದರಲಾಲ್ ನೇತೃತ್ವದಲ್ಲಿ ಒಂದು ತಂಡ ಕಳಿಸಿತು. ಇಡೀ ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಅಂತ ಆ ತಂಡ ಅಂದಾಜು ಮಾಡಿತು. ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗ ಒಂದು. ವರದಿ ದಶಕಗಳ ಕಾಲ ಹೊರಗೆ ಬರಲಿಲ್ಲ. ಒಂದೇ ವರ್ಷದಲ್ಲಿ ಎರಡೂ ಸಮುದಾಯ ಕರೆದವು, ಎರಡಕ್ಕೂ ಉತ್ತರ ಸಿಗಲಿಲ್ಲ. ಅಜ್ಜಂದಿರು ಇದನ್ನ ಮೊಮ್ಮಕ್ಕಳಿಗೆ ಹೇಳದೇ ಇರ್ತಾರಾ?

ಮುಂದಿನದು ಬೇಗ ಹೇಳಿಬಿಡ್ತೀನಿ. 1949ರಲ್ಲಿ ಜಾಗೀರು ರದ್ದು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ. ಅರವತ್ತರ ದಶಕದಲ್ಲಿ, 1961ರ ಕಾಯ್ದೆಯಿಂದ, ವಂಶಪಾರಂಪರ್ಯದ ಪಾಟೀಲಕಿ ಹೋಯಿತು. ಸರಿಯಾದ ಕೆಲಸ. ಆದರೆ ಪಾಟೀಲ ಹೋದ ಜಾಗಕ್ಕೆ ಯಾರು ಬಂದರು? ಠಾಣೆ ದೂರ, ಬಸ್ಸು ದಿನಕ್ಕೆ ಎರಡು, ಫೋನ್ ಇಲ್ಲ. ಆ ಖಾಲಿ ಜಾಗದಲ್ಲಿ ಮುಖಂಡರು ಬಂದು ಕೂತರು. ಪಕ್ಷದವರು, ಪಂಚಾಯ್ತಿಯವರು, ಗುತ್ತಿಗೆದಾರರು. ಠಾಣೆಗೆ ಹೋಗೋದಾದರೆ “ಸಾಹೇಬ್ರನ್ನ ಕರಕೊಂಡು ಹೋಗ್ರಿ” ಅನ್ನೋ ಮಾತು ಇವತ್ತಿಗೂ ಸಹಜ. ಎರಡು ಬಾರಿ ಮುಖ್ಯಮಂತ್ರಿಯಾದ ವೀರೇಂದ್ರ ಪಾಟೀಲರ ಚಿಂಚೋಳಿಯೂ ಇದಕ್ಕೆ ಹೊರತಲ್ಲ.

ವಾಡಿ, ಶಹಾಬಾದ್ ಕಥೆ ಸ್ವಲ್ಪ ಬೇರೆ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲೇ ರೈಲು ಓಡಿತು. ಜೊತೆಗೆ ತಂತಿ. ಆಮೇಲೆ ಸಿಮೆಂಟ್ ಕಾರ್ಖಾನೆ, ಕಲ್ಲಿನ ಗಣಿ, ಕಾಲೊನಿ, ಕಾವಲುಗಾರ. ಆದರೆ ಜಂಕ್ಷನ್ನಿನಲ್ಲಿ ಇನ್ನೊಂದು ಪ್ರಶ್ನೆ ಹುಟ್ಟಿತು: ಘಟನೆ ನಡೆದದ್ದು ಹಳಿಯ ಮೇಲೋ, ಹಳಿಯ ಆಚೆಯೋ? ಒಂದಾದರೆ ರೈಲ್ವೆ ಪೊಲೀಸರು, ಇನ್ನೊಂದಾದರೆ ಊರಿನ ಠಾಣೆ. ಪೆಟ್ಟು ತಿಂದವನು ಹದ್ದಿನ ನಕ್ಷೆ ಕಲಿಯಬೇಕು.

ಜಗತ್ತಿನಲ್ಲಿ ತುರ್ತು ಸಂಖ್ಯೆ ಹುಟ್ಟಿದ್ದೇ ನಡುವೆ ನಿಂತ ತಡೆಯ ಕಾರಣಕ್ಕೆ. 1935ರಲ್ಲಿ ಲಂಡನ್ನಿನ ವಿಂಪೋಲ್ ಸ್ಟ್ರೀಟ್‌ನಲ್ಲಿ ಮನೆಗೆ ಬೆಂಕಿ ಬಿದ್ದು ಐದು ಮಹಿಳೆಯರು ಸತ್ತರು. ಅಗ್ನಿಶಾಮಕಕ್ಕೆ ಫೋನ್ ಮಾಡಿದ ನೆರೆಯವರು ಎಕ್ಸ್‌ಚೇಂಜಿನ ಸಾಲಿನಲ್ಲಿ ಸಿಕ್ಕಿಕೊಂಡಿದ್ದರು. 1937ರಲ್ಲಿ 999 ಬಂತು. ನಮಗೆ ಒಂದೇ ಸಂಖ್ಯೆಯ ಅರಿವು ಗಟ್ಟಿಯಾಗಿದ್ದು 2012ರ ದೆಹಲಿ ಘಟನೆ ಆದ ಮೇಲೆ. 2015ರಲ್ಲಿ ಟ್ರಾಯ್ 112ನ್ನು ಶಿಫಾರಸು ಮಾಡಿತು. ನಿರ್ಭಯಾ ನಿಧಿಯಿಂದ 321.69 ಕೋಟಿ ರೂಪಾಯಿ ಸಿಕ್ಕಿತು. ಕರ್ನಾಟಕಕ್ಕೆ 2019ರಲ್ಲಿ ಬಂತು.

ಇಂಜಿನಿಯರಿಂಗ್ ಓದಿದವನು ನಾನು, ಯಂತ್ರದ ಬಗ್ಗೆ ಎರಡು ಮಾತು ಹೇಳದೇ ಇರಲಾರೆ. ಕುಂಚಾವರಂ ಕಾಡಿನ ಅಂಚಿನಿಂದ ನೀವು 112 ಒತ್ತಿದರೆ ಫೋನ್ ಎತ್ತುವವರು ಸುಮಾರು 600 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ. ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ಹತ್ತಿರದ ಗಾಡಿಗೆ. ಕಲಬುರಗಿ ಮಾತು, ದಖನಿ, ಲಂಬಾಣಿ, ತೆಲುಗು ಬೆರೆತ ಗಾಬರಿಯ ದನಿ ಅಲ್ಲಿ ಅರ್ಥವಾಗಬೇಕು. ಗಡಿಯ ಹಳ್ಳಿಯಲ್ಲಿ ಫೋನು ತೆಲಂಗಾಣದ ಟವರ್ ಹಿಡಿದರೆ ಕರೆ ಆ ರಾಜ್ಯಕ್ಕೆ ಹೋಗಬಹುದು. ಮಳೆಗಾಲದಲ್ಲಿ ಕಾಗಿಣಾ ಉಕ್ಕಿ ದಂಡೋತಿ ಸೇತುವೆ, ಮಳಖೇಡದ ಸೇತುವೆ ಮುಳುಗಿದರೆ ಎಂಥ ಗಾಡಿಯೂ ಸುತ್ತುಹಾಕಲೇಬೇಕು. ಇವೆಲ್ಲ ಲೋಪಗಳೇ, ಆದರೆ ದುಡ್ಡು, ಟವರ್, ಸೇತುವೆ ಇದ್ದರೆ ಸರಿಹೋಗೋ ಲೋಪಗಳು.

ಇದರಲ್ಲಿ ದೊಡ್ಡ ಸಂಗತಿ ಒಂದಿದೆ. ಈ ನೆಲದ ಇತಿಹಾಸದಲ್ಲಿ ಮೊದಲ ಸಲ ಒಬ್ಬ ಹೆಣ್ಣುಮಗಳು ಯಾರ ಪಡಸಾಲೆಯನ್ನೂ ಹತ್ತದೆ ಸರ್ಕಾರವನ್ನು ಕರೆಯಬಹುದು. ಕರೆ ಬಂದ ಸಮಯ, ಗಾಡಿ ಹೊರಟ ಸಮಯ, ಮುಟ್ಟಿದ ಸಮಯ ದಾಖಲಾಗುತ್ತದೆ. ಊರಿನ ಯಾವ ದೊಡ್ಡವರೂ ಅದನ್ನ ಅಳಿಸೋಕಾಗಲ್ಲ.

ಹಾಗಾದರೆ ನಂಬಿಕೆ ಯಾಕೆ ಅರ್ಧಕ್ಕೆ ನಿಂತಿದೆ? ಗಾಡಿ ಬಂದ ಮೇಲೆ ಏನಾಗುತ್ತೆ ನೋಡಿ. ಜಗಳ ಬಿಡಿಸ್ತಾರೆ, ಹೆಸರು ಬರಕೊಳ್ತಾರೆ, “ಮುಂಜಾನಿ ಠಾಣೆಗೆ ಬರ್ರಿ” ಅಂತಾರೆ. ಗಾಡಿಯ ಸಿಬ್ಬಂದಿಯ ಕೆಲಸ ಅಲ್ಲಿಗೆ ಮುಗೀತು, ಅವರನ್ನ ದೂರಲ್ಲ. ಇನ್ನೊಂದು ಕರೆ ಕಾದಿರುತ್ತೆ. ಆದರೆ ಆ ಕರೆಗೂ ಎಫ್‌ಐಆರ್‌ಗೂ ನಡುವೆ ಒಂದು ರಾತ್ರಿ ಇದೆಯಲ್ಲ, ಆ ರಾತ್ರಿ ಹಿರಿಯರು ಮನೆಗೆ ಬರ್ತಾರೆ. “ಊರಾಗ ಇರಬೇಕಲ್ಲವ್ವಾ, ರಾಜಿ ಮಾಡ್ಕೋ” ಅಂತಾರೆ. ಗಂಡನ ಏಟು ತಿಂದವಳಿಗೂ ಅದೇ ಮಾತು, ನೀರಿನ ಜಗಳದಲ್ಲಿ ಪೆಟ್ಟು ತಿಂದ ದಲಿತ ಕೇರಿಗೂ ಅದೇ ಮಾತು. ಗಂಭೀರ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಅಂತ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನ 173ನೇ ಕಲಮಿನ ಪ್ರಕಾರ, ಘಟನೆ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ವಾಡಿಯ ಹಳಿಯ ಪ್ರಶ್ನೆಗೂ ಇದೇ ಉತ್ತರ. ಕಾನೂನು ಬೆಂಗಳೂರಿನಷ್ಟೇ ಮಿರಿಯಾಣದಲ್ಲೂ ಇದೆ.

ಅದಕ್ಕೇ ಹಳ್ಳಿಯವರು ಜಾಣತನದಿಂದ ಎರಡು ಕರೆ ಮಾಡ್ತಾರೆ. ಒಂದು 112ಕ್ಕೆ, ಫೋನ್ ಇಟ್ಟ ತಕ್ಷಣ ಇನ್ನೊಂದು ಮುಖಂಡರಿಗೆ. ಗಾಡಿ ಎಷ್ಟು ನಿಮಿಷಕ್ಕೆ ಬಂತು ಅಂತ ಇಲಾಖೆ ಲೆಕ್ಕ ಇಡುತ್ತೆ, ಇಡಲಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಐದು ಠಾಣೆಗಳ ಬೋರ್ಡಿನ ಮೇಲೆ ಪ್ರತಿ ತಿಂಗಳು ಇನ್ನೆರಡು ಅಂಕಿ ಬರೆಯಲಿ ಅಂತ ನನ್ನ ಬೇಡಿಕೆ: ಬಂದ ಕರೆಗಳಲ್ಲಿ ಎಷ್ಟು ಎಫ್‌ಐಆರ್ ಆದವು, ಎಷ್ಟು ‘ರಾಜಿ’ ಅಂತ ಮುಚ್ಚಿದವು. ಬೋರ್ಡು, ಸೀಮೆಸುಣ್ಣ ಎರಡೂ ಠಾಣೆಯಲ್ಲಿ ಈಗಾಗಲೇ ಇವೆ.